ಸನ್ನತಿಯ ಕಲ್ಲುಗಳು ಸನ್ನತಿಯಲ್ಲೇ ಇರಲಿ

ನಮ್ಮ ಕಡೆಯ ಹಳ್ಳಿಯ ಜನಕ್ಕೆ ಇತಿಹಾಸಪ್ರಜ್ಞೆ ಇಲ್ಲ ಎಂಬ ಮಾತನ್ನು ನಾನು ಕೇಳದ ವೇದಿಕೆಯೇ ಉಳಿದಿಲ್ಲ. ರಾಜ್ಯೋತ್ಸವದ ಭಾಷಣವಿರಲಿ, ಶಿಕ್ಷಕರ ಕಾರ್ಯಾಗಾರವಿರಲಿ, ಪುಸ್ತಕ ಬಿಡುಗಡೆಯಿರಲಿ, ಯಾರಾದರೊಬ್ಬರು ಎದ್ದು ನಿಂತು ಸನ್ನತಿಯ ಉದಾಹರಣೆ ಕೊಟ್ಟೇ ಕೊಡುತ್ತಾರೆ. ‘ಅಶೋಕ ಚಕ್ರವರ್ತಿಯ ಶಾಸನಕ್ಕೆ ತೂತು ಕೊರೆದು ಅದರ ಮೇಲೆ ದೇವಿಯನ್ನು ಕೂಡಿಸಿದ್ದರಂತೆ ನೋಡಿ!’ ಸಭೆ ನಗುತ್ತದೆ. ಭಾಷಣಕಾರರು ನೀರು ಕುಡಿಯುತ್ತಾರೆ. ಮೂವತ್ತು ವರ್ಷದ ಹತ್ತಿರ ಹತ್ತಿರ ಇತಿಹಾಸ ಪಾಠ ಮಾಡುತ್ತ ಬಂದಿರುವ ನನಗೆ ಮಾತ್ರ ನಗು ಬರುವುದಿಲ್ಲ, ಸಿಟ್ಟು ಬರುತ್ತದೆ. ಆ ಸಿಟ್ಟಿಗೆ ಕಾರಣವಿದೆ.

ಮೊದಲು ನಡೆದದ್ದನ್ನು ಹೇಳಿಬಿಡುತ್ತೇನೆ. ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲ್ಲೂಕಿನ ಸನ್ನತಿ ಭೀಮಾ ನದಿಯ ದಂಡೆಯ ಊರು. ಚಂದ್ರಲಾಂಬಾ ದೇವಿಯ ಗುಡಿಯಿಂದ ಹೆಸರಾದದ್ದು. ಮಹಾರಾಷ್ಟ್ರ, ತೆಲಂಗಾಣಗಳಲ್ಲಿಯೂ ಆಕೆಯನ್ನು ಮನೆದೇವರೆಂದು ನಡೆದುಕೊಳ್ಳುವವರಿದ್ದಾರೆ. ಅದೇ ಆವರಣದಲ್ಲಿದ್ದ ಕಾಳಿಯ ಗುಡಿಯ ಮಾಳಿಗೆ 1986ರಲ್ಲಿ ಕುಸಿದು ಬಿತ್ತು. ಮೂರ್ತಿಯೂ ಒಡೆಯಿತು. ಆಗ ಮೂರ್ತಿಯ ಕೆಳಗಿದ್ದ ಪೀಠದ ಚಪ್ಪಡಿಯ ಮೇಲೆ ಅಕ್ಷರಗಳು ಕಂಡವು. ಬ್ರಾಹ್ಮೀ ಲಿಪಿ, ಪ್ರಾಕೃತ ಭಾಷೆ. ಚಪ್ಪಡಿಯ ಎರಡೂ ಮೈಗೆ ಬರಹ. ಒಂದು ಮೈಯಲ್ಲಿ ಅಶೋಕನ ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಬಂಡೆಶಾಸನಗಳ ಭಾಗ, ಇನ್ನೊಂದು ಮೈಯಲ್ಲಿ ‘ಪ್ರತ್ಯೇಕ ಶಾಸನ’ಗಳೆಂದು ವಿದ್ವಾಂಸರು ಕರೆಯುವ ಎರಡು ಶಾಸನಗಳ ಭಾಗ. ಆ ಎರಡು ಅಲ್ಲಿಯವರೆಗೆ ಒಡಿಶಾದ ಧೌಲಿ ಮತ್ತು ಜೌಗಡದಲ್ಲಿ ಮಾತ್ರ ಸಿಕ್ಕಿದ್ದವು. ಎಂದರೆ ಅಶೋಕ ಯುದ್ಧ ಮಾಡಿ ಗೆದ್ದು, ಗೆದ್ದದ್ದಕ್ಕೆ ಮರುಗಿದ ಕಳಿಂಗದಲ್ಲಿ. ಕಳಿಂಗದ ಜನಕ್ಕಾಗಿ ಬರೆಸಿದ್ದೆಂದು ತಿಳಿದಿದ್ದ ಮಾತು ಅಷ್ಟು ದೂರದ ಭೀಮೆಯ ದಂಡೆಯಲ್ಲಿ ಸಿಕ್ಕಾಗ ಓದಿದವರೆಲ್ಲ ಬೆರಗಾದರು. ಚಪ್ಪಡಿಯ ನಡುವೆ ಮೂರ್ತಿಯನ್ನು ನಿಲ್ಲಿಸಲು ಕೊರೆದ ತೂತಿತ್ತು. ಭಾಷಣಕಾರರಿಗೆ ಬೇಕಾದದ್ದು ಆ ತೂತು ಮಾತ್ರ.

ಬ್ರಾಹ್ಮಿಯನ್ನು ಓದಲು ಬಾರದಿದ್ದುದು ಸನ್ನತಿಯ ಒಕ್ಕಲಿಗೆ ಮಾತ್ರವೇ? ಹದಿನಾಲ್ಕನೆಯ ಶತಮಾನದಲ್ಲಿ ಫಿರೋಜ್ ಷಾ ತುಘಲಕನು ಅಶೋಕನ ಎರಡು ಕಂಬಗಳನ್ನು ದೂರದಿಂದ ಹೊರಿಸಿ ದಿಲ್ಲಿಗೆ ತರಿಸಿದ. ಅದರ ಮೇಲೇನಿದೆ ಎಂದು ಪಂಡಿತರನ್ನು ಕರೆಸಿ ಕೇಳಿದ. ಒಬ್ಬರಿಗೂ ಓದಲಾಗಲಿಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಆ ಅಕ್ಷರಗಳ ಗುಟ್ಟು ಬಿಡಿಸುವವರೆಗೆ ಕಾಶಿಯ ಪಂಡಿತರೂ ಸನ್ನತಿಯ ಕುರುಬರೂ ಈ ವಿಷಯದಲ್ಲಿ ಸರಿಸಮಾನ ನಿರಕ್ಷರಿಗಳೇ. ಓದಿದ ಮೇಲೂ ಅದರಲ್ಲಿ ಬರುವ ‘ದೇವಾನಾಂಪ್ರಿಯ’ ಯಾರೆಂಬುದು ಅಶೋಕನ ಹೆಸರಿನೊಂದಿಗೆ ಕಲ್ಲಿನ ಮೇಲೇ ಖಚಿತವಾಗಲು 1915 ಬರಬೇಕಾಯಿತು. ಅದನ್ನು ಹೇಳಿದ್ದು ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆ. ಕಂಡವನು ಬೀಡನ್ ಎಂಬ, ಚಿನ್ನ ಹುಡುಕಲು ಬಂದಿದ್ದ ಎಂಜಿನಿಯರು. ಕಲಿತವರೇ ಕಣ್ಣು ಬಿಡಲು ಇಷ್ಟು ಕಾಲ ಹಿಡಿಯಿತು. ಹೀಗಿರುವಾಗ ಹಳ್ಳಿಯವರ ಮೇಲೆ ಮಾತ್ರ ಯಾಕೆ ಕಲ್ಲು ಬೀರುತ್ತೀರಿ?

ಇನ್ನೊಂದು ದಿಕ್ಕಿನಿಂದ ನೋಡಿ. ಭೀಮಾ ತೀರದ ನೆಲದಲ್ಲಿ ಹಾಸುಗಲ್ಲಿಗೆ ಉಪಯೋಗ ನೂರೆಂಟು. ಬಾವಿಕಟ್ಟೆಗೆ ಬೇಕು, ದನದ ಗ್ವಾದಲಿಗೆ ಬೇಕು, ಹಿತ್ತಲ ಬಾಗಿಲ ಮೆಟ್ಟಿಲಿಗೆ ಬೇಕು. ಈ ಚಪ್ಪಡಿ ಅವು ಯಾವುವೂ ಆಗದೆ ಉಳಿದದ್ದು ದೇವಿಯ ಪಾದದ ಕೆಳಗಿದ್ದುದರಿಂದ. ಅಲ್ಲಿನ ಮುದುಕಿಯೊಬ್ಬಳ ಹತ್ತಿರ ಈ ಮಾತು ತೆಗೆದೆ. ಅವಳು ನನ್ನನ್ನೇ ಪಾಠ ಒಪ್ಪಿಸದ ಹುಡುಗಿಯಂತೆ ನೋಡಿ, ‘ನಾವು ಓದಲಾರ್ದವ್ರು ಖರೆ ಬಾಯಿ. ಆದ್ರ ಅವ್ವನ ಕಾಲ್ ಕೆಳಗಿನ ಕಲ್ಲಿಗಿ ಯಾರ್ ಕೈ ಹಚ್ತಾರ?’ ಎಂದಳು. ಕೈ ಹಚ್ಚದೆ ಕಾಯುವುದಕ್ಕಿಂತ ದೊಡ್ಡ ಸಂರಕ್ಷಣೆ ಯಾವುದು? ಒಂದು ತೂತಿನಿಂದ ಕೆಲವು ಅಕ್ಷರ ಹೋದವು, ನಿಜ. ಉಳಿದವು ಉಳಿದದ್ದು ಭಕ್ತಿಯಿಂದ.

ಈಗ ತಿಳಿದವರ ಕಥೆ ಹೇಳುತ್ತೇನೆ.

ಸನ್ನತಿಯ ಸುತ್ತ ಬೌದ್ಧರ ಕುರುಹುಗಳಿವೆ ಎಂದು ಕಪಟರಾಳ ಕೃಷ್ಣರಾಯರು 1950ರ ದಶಕದಲ್ಲೇ ಬರೆದಿದ್ದರು. ಶಾಸನ ಸಿಕ್ಕ ಮೇಲೆ, 1990ರ ದಶಕದಲ್ಲಿ, ಸನ್ನತಿಗೆ ಹತ್ತಿರದಲ್ಲೇ ಇರುವ ಕನಗನಹಳ್ಳಿಯ ದಿಬ್ಬವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯವರು ಅಗೆದರು. ಮಣ್ಣಿನಡಿ ಒಂದು ಇಡೀ ಮಹಾಸ್ತೂಪವೇ ಕುಸಿದು ಮಲಗಿತ್ತು. ಅದರ ಹೆಸರೂ ಕಲ್ಲಿನಲ್ಲೇ ಇದೆ: ಅಧೋಲೋಕ ಮಹಾಚೈತ್ಯ. ಸ್ತೂಪದ ಮೈಗೆ ಹೊದಿಸಿದ್ದ ಆಳೆತ್ತರದ ಸುಣ್ಣಗಲ್ಲಿನ ಹಲಗೆಗಳು, ಅವುಗಳ ಮೇಲೆ ಜಾತಕ ಕಥೆಗಳು, ಬುದ್ಧನ ಬದುಕಿನ ಘಟನೆಗಳು, ಶಾತವಾಹನ ರಾಜರು. ಪ್ರತಿಯೊಂದರ ಕೆಳಗೂ ಮೇಲೂ ಪುಟ್ಟ ಪುಟ್ಟ ಬರಹ. ಒಂದು ಹಲಗೆಯಲ್ಲಿ ಶಾತಕರ್ಣಿ ರಾಜ ಚೈತ್ಯಕ್ಕೆ ಬೆಳ್ಳಿಯ ಕಮಲಗಳನ್ನು ಅರ್ಪಿಸುತ್ತಿದ್ದಾನೆ. ಇನ್ನೊಂದರಲ್ಲಿ ಪುಳುಮಾವಿ ರಾಜ ಉಜ್ಜಯಿನಿಯನ್ನು ಕೊಟ್ಟುಬಿಡುತ್ತಿದ್ದಾನೆ. ದಾನ ಕೊಟ್ಟವರಲ್ಲಿ ಭಿಕ್ಷುಗಳಷ್ಟೇ ಅಲ್ಲ, ಭಿಕ್ಷುಣಿಯರಿದ್ದಾರೆ, ಗೃಹಸ್ಥರಿದ್ದಾರೆ. ಅವರ ಹೆಸರುಗಳನ್ನೂ ಕೆತ್ತಿದ್ದಾರೆ. ಎರಡು ಸಾವಿರ ವರ್ಷದ ಹಿಂದೆ ನಮ್ಮ ನೆಲದಲ್ಲಿ ಒಬ್ಬ ಹೆಣ್ಣುಮಗಳು ಒಂದು ಕಲ್ಲಿಗೆ ತನ್ನ ಗಂಟು ಬಿಚ್ಚಿ ಹಣ ಕೊಟ್ಟು ಹೆಸರು ಬರೆಸಿದ್ದಾಳೆ. ಪಾಠ ಮಾಡುವಾಗ ಈ ಮಾತು ಬಂದರೆ ಹಿಂದಿನ ಬೆಂಚಿನ ಹುಡುಗಿಯರೂ ತಲೆಯೆತ್ತುತ್ತಾರೆ.

ಮತ್ತು ಆ ಹಲಗೆ. ಒಬ್ಬ ರಾಜ, ಜೊತೆಗೆ ರಾಣಿ, ಛತ್ರ ಚಾಮರ ಹಿಡಿದ ಪರಿಚಾರಕಿಯರು. ಬ್ರಾಹ್ಮಿಯಲ್ಲಿ ಎರಡೇ ಪದ, ‘ರಾಯ ಅಸೋಕೊ’. ಅಶೋಕನ ಕಾಲವಾಗಿ ಶತಮಾನಗಳ ಮೇಲೆ ಕೆತ್ತಿದ್ದರಿಂದ ಇದು ಅವನನ್ನು ಎದುರಿಗೆ ಕೂರಿಸಿಕೊಂಡು ಮಾಡಿದ ಚಿತ್ರವಲ್ಲ, ಪತ್ರಿಕೆಗಳು ಉಬ್ಬಿಸಿದಂತೆ ‘ಅಶೋಕನ ಫೋಟೋ’ ಅಲ್ಲವೇ ಅಲ್ಲ. ಆದರೂ ಹೆಸರು ಬರೆದು ಇವನೇ ಅಶೋಕ ಎಂದು ತೋರಿಸುವ ಇಷ್ಟು ಹಳೆಯ ಶಿಲ್ಪ ಸಿಕ್ಕಿದ್ದು ಕನಗನಹಳ್ಳಿಯಲ್ಲಿ. ಪಾಟಲಿಪುತ್ರದಲ್ಲಿ ಅಲ್ಲ, ಸಾಂಚಿಯಲ್ಲೂ ಅಲ್ಲ. ತೊಗರಿ ಹೊಲಗಳ ನಡುವೆ.

ಇಂಥದ್ದು ಬೇರೆ ದೇಶದಲ್ಲಿ ಸಿಕ್ಕಿದ್ದರೆ ಎಂದು ಶುರು ಮಾಡುವ ಮಾತು ನನಗೆ ಹಿಡಿಸುವುದಿಲ್ಲ. ನಮ್ಮ ದೇಶದಲ್ಲೇ ಏನಾಯಿತು ನೋಡೋಣ. ಅಗೆತ ಮುಗಿದ ಮೇಲೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಆ ಹಲಗೆಗಳು, ಒಡೆದ ಬುದ್ಧರು, ಪಾದಪೀಠಗಳು ಬಹುಪಾಲು ಬಯಲಿನಲ್ಲೇ ಇದ್ದವು. ಕೆಲವಕ್ಕೆ ಷೆಡ್ಡಿನ ನೆರಳು, ಕೆಲವಕ್ಕೆ ಆಕಾಶವೇ ನೆರಳು. ಉತ್ಖನನದ ವರದಿ ಪುಸ್ತಕವಾಗಿ ಬಂದದ್ದು 2011ರ ಮುದ್ರಣವರ್ಷ ಹೊತ್ತು. ಬರೆದವರು ಆ ಅಗೆತವನ್ನು ನಡೆಸಿದ ಕೆ. ಪಿ. ಪೂಣಚ್ಚ. ಶಾಸನಗಳನ್ನೆಲ್ಲ ಒಟ್ಟು ಮಾಡಿ ಓದಿ 2014ರಲ್ಲಿ ಪ್ರಕಟಿಸಿದವರು ಮೈಕೊ ನಾಕಾನಿಶಿ ಮತ್ತು ಆಸ್ಕರ್ ಫಾನ್ ಹಿನ್ಯೂಬರ್, ಒಬ್ಬರು ಜಪಾನಿನವರು, ಇನ್ನೊಬ್ಬರು ಜರ್ಮನಿಯವರು. ಪುಸ್ತಕ ಹೊರಟದ್ದು ಟೋಕಿಯೊದಿಂದ. ಅವರಿಗೆ ನನ್ನ ನಮಸ್ಕಾರ. ಕಲ್ಲುಗಳನ್ನು ಜೋಡಿಸಿ ನಿಲ್ಲಿಸುವ ಕೆಲಸವನ್ನು ಇಲಾಖೆ ಕೈಗೆತ್ತಿಕೊಂಡದ್ದು 2022ರಲ್ಲಿ. ಅಲ್ಲಿಯವರೆಗೆ ಎಷ್ಟು ಮಳೆ, ಎಷ್ಟು ಬೇಸಿಗೆ?

ಸುಣ್ಣಗಲ್ಲಿನ ಸ್ವಭಾವ ಕಲಬುರಗಿ ಸೀಮೆಯ ಹೆಂಗಸರಿಗೆ ಯಾವ ಪುರಾತತ್ವಜ್ಞರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಮನೆಗಳ ನೆಲವೆಲ್ಲ ಶಹಾಬಾದಿನ ಫರಸಿ. ಅಡುಗೆಮನೆಯಲ್ಲಿ ಲಿಂಬಿಹುಳಿ ಒಂದು ಹನಿ ಬಿದ್ದರೂ ತಕ್ಷಣ ಒರೆಸುತ್ತೇವೆ. ಬಿಟ್ಟರೆ ಅಲ್ಲಿ ಬೆಳ್ಳಗಿನ ಕಲೆ ಕೂತು ಹೊಳಪು ಹೋಗಿಬಿಡುತ್ತದೆ. ಹುಳಿಗೆ ಸುಣ್ಣಗಲ್ಲು ಕರಗುತ್ತದೆ, ಅಷ್ಟೇ ಶಾಸ್ತ್ರ. ಮಳೆನೀರಿನಲ್ಲಿಯೂ ಗಾಳಿಯಿಂದ ಬಂದ ಹುಳಿಯ ಅಂಶ ಸ್ವಲ್ಪ ಇದ್ದೇ ಇರುತ್ತದೆ. ಜೊತೆಗೆ ಈ ಕಲ್ಲು ಪದರ ಪದರ. ಪದರಗಳ ನಡುವೆ ನೀರು ಇಳಿಯುತ್ತದೆ, ನಲವತ್ತೆರಡು ಡಿಗ್ರಿ ಬಿಸಿಲಿಗೆ ಕಲ್ಲು ಹಿಗ್ಗುತ್ತದೆ, ರಾತ್ರಿ ತಣಿದು ಕುಗ್ಗುತ್ತದೆ, ಕೊನೆಗೊಂದು ದಿನ ಮೇಲಿನ ಪದರ ಹಪ್ಪಳದಂತೆ ಎದ್ದು ಬರುತ್ತದೆ. ಹಾಸುಗಲ್ಲಿನ ಪದರ ಎದ್ದರೆ ಇನ್ನೊಂದು ಕಲ್ಲು ತರಬಹುದು. ಜಾತಕ ಕಥೆಯ ಆನೆಯ ಸೊಂಡಿಲೋ ಭಿಕ್ಷುಣಿಯ ಹೆಸರೋ ಎದ್ದು ಹೋದರೆ ಎಲ್ಲಿಂದ ತರುತ್ತೀರಿ? ಅಡುಗೆಮನೆಯ ನೆಲಕ್ಕೆ ನಾವು ತೋರಿಸುವ ಎಚ್ಚರವನ್ನು ಈ ದೇಶ ಅಶೋಕನಿಗೆ ತೋರಿಸಲಿಲ್ಲ. ದೇವಿಯ ಪೀಠ ಮಾಡಿದವರು ಅಕ್ಷರ ಓದಲಾರದವರು. ಇವರು ಓದಿದವರು, ಪಟ್ಟಿ ಮಾಡಿದವರು, ಫೋಟೋ ತೆಗೆದವರು, ನಂಬರು ಹಚ್ಚಿದವರು. ಯಾರದು ಅಜ್ಞಾನ?

ಇದರಲ್ಲಿ ಇನ್ನೂ ಒಂದು ಸ್ವಾರಸ್ಯವಿದೆ. ಸನ್ನತಿಯ ಚಪ್ಪಡಿಯ ಮೇಲಿನ ಮೊದಲನೆಯ ಪ್ರತ್ಯೇಕ ಶಾಸನ ಬರೆದದ್ದು ಪ್ರಜೆಗಳಿಗಲ್ಲ, ಅಧಿಕಾರಿಗಳಿಗೆ. ಸನ್ನತಿಯ ಕಲ್ಲು ಒಡೆದಿರುವುದರಿಂದ ಪೂರ್ಣ ಪಾಠವನ್ನು ಧೌಲಿ, ಜೌಗಡಗಳಿಂದ ತಿಳಿಯಬೇಕು. ಜನರೆಲ್ಲ ನನ್ನ ಮಕ್ಕಳು ಎಂದು ಅಶೋಕ ಹೇಳಿದ್ದು ಅಲ್ಲಿಯೇ. ಎಲ್ಲ ಪಠ್ಯಪುಸ್ತಕಗಳಿಗೂ ಆ ಮಾತು ಗೊತ್ತು. ಅದರ ಮುಂದಿನದನ್ನು ಯಾರೂ ಪಾಠ ಮಾಡುವುದಿಲ್ಲ. ಅಸೂಯೆ, ಸಿಟ್ಟು, ಕ್ರೌರ್ಯ, ಆತುರ, ಸೋಮಾರಿತನ, ದಣಿವು ಇವುಗಳಿಂದ ಅಧಿಕಾರಿ ಕೆಡುತ್ತಾನೆ, ಇವು ತನ್ನಲ್ಲಿ ಇರದಂತೆ ನೋಡಿಕೊಳ್ಳಬೇಕು ಎಂದು ಚಕ್ರವರ್ತಿ ಒಂದೊಂದಾಗಿ ಎಣಿಸಿ ಹೇಳುತ್ತಾನೆ. ತನ್ನ ಆಜ್ಞೆಯಂತೆ ನಡೆಯುತ್ತಿದೆಯೇ ಎಂದು ನೋಡಲು ಐದೈದು ವರ್ಷಕ್ಕೊಮ್ಮೆ ಒಬ್ಬ ಮೃದು ಸ್ವಭಾವದ ಮಹಾಮಾತ್ರನನ್ನು ಪ್ರವಾಸಕ್ಕೆ ಕಳಿಸುತ್ತೇನೆ ಎನ್ನುತ್ತಾನೆ. ತಿಷ್ಯ ನಕ್ಷತ್ರದ ದಿನ ಈ ಶಾಸನವನ್ನು ಗಟ್ಟಿಯಾಗಿ ಓದಿಸಿ, ಕೇಳುವವನು ಒಬ್ಬನೇ ಇದ್ದರೂ ಓದಿಸಿ ಎನ್ನುತ್ತಾನೆ. ಸೋಮಾರಿ ಅಧಿಕಾರಿಗಳನ್ನು ಬೈದ ಶಾಸನ ಸಿಕ್ಕ ಊರಿನ ಪಕ್ಕದಲ್ಲೇ ಸರಕಾರದ ಕಡತ ಇಪ್ಪತ್ತು ವರ್ಷ ಮಲಗಿತು! ಐದರ ಮಗ್ಗಿ ನನ್ನ ಶಾಲೆಯ ಮೂರನೆಯ ತರಗತಿಯ ಮಕ್ಕಳಿಗೂ ಬರುತ್ತದೆ. ಎಷ್ಟು ಮಹಾಮಾತ್ರರು ಬರಬೇಕಾಗಿತ್ತು, ಲೆಕ್ಕ ಹಾಕಿಕೊಳ್ಳಲಿ.

ಹೀಗೆ ಹೇಳಿದಾಗ ನನ್ನ ಮಾತನ್ನೇ ಹಿಡಿದು, ‘ಅದಕ್ಕೇ ಮೇಡಂ, ಇವನ್ನೆಲ್ಲ ಬೆಂಗಳೂರಿಗೋ ದಿಲ್ಲಿಗೋ ಸಾಗಿಸಿಬಿಡಬೇಕು. ಎ.ಸಿ. ಕೋಣೆಯಲ್ಲಿ ಸುರಕ್ಷಿತವಾಗಿರುತ್ತವೆ, ಹತ್ತು ಜನ ನೋಡುತ್ತಾರೆ’ ಎನ್ನುವವರಿದ್ದಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ನನ್ನ ಮುಖ್ಯ ಜಗಳ ಇರುವುದು ಇವರ ಜೊತೆಗೇ.

ಸಾಗಿಸಿದರೆ ಏನಾಗುತ್ತದೆಂದು ತಿಳಿಯಲು ಆಂಧ್ರದ ಅಮರಾವತಿಯನ್ನು ನೋಡಬೇಕು. ಅದೂ ಇಂಥದ್ದೇ ಸ್ತೂಪ. ಅದೇ ಶಾತವಾಹನರ ಕಾಲದ ಕೈಗಳು, ಅದೇ ಬಗೆಯ ಸುಣ್ಣಗಲ್ಲು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಅಲ್ಲಿನ ಜಮೀನ್ದಾರರ ಆಳುಗಳು ಕಟ್ಟಡಕ್ಕೆಂದು ಕಲ್ಲು ಕಿತ್ತರು. ಆಮೇಲೆ ತಿಳಿದವರು ಬಂದರು. 1845ರಲ್ಲಿ ವಾಲ್ಟರ್ ಎಲಿಯಟ್ ಅಗೆಸಿ ಕಲ್ಲುಗಳನ್ನು ಮದ್ರಾಸಿಗೆ ಕಳಿಸಿದ. ಅಲ್ಲಿ ಅವು ವರ್ಷಗಟ್ಟಲೆ ಬಿಸಿಲು ಮಳೆ ಕಂಡವು. 1859ರಲ್ಲಿ ನೂರಕ್ಕೂ ಹೆಚ್ಚು ಕಲ್ಲುಗಳು ಹಡಗು ಹತ್ತಿ ಲಂಡನ್ನಿಗೆ ಹೋದವು. ಲಂಡನ್ನಿನಲ್ಲಿ ಏನು ರಾಜಮರ್ಯಾದೆಯೇ? ಜೇಮ್ಸ್ ಫರ್ಗುಸನ್ ಎಂಬ ವಿದ್ವಾಂಸ ಅವನ್ನು ಮತ್ತೆ ಹುಡುಕಿ ತೆಗೆದದ್ದು ಒಂದು ಕುದುರೆಗಾಡಿಯ ಕೊಟ್ಟಿಗೆಯಲ್ಲಿ! 1880ರ ಹೊತ್ತಿಗೆ ಬ್ರಿಟಿಷ್ ಮ್ಯೂಸಿಯಂ ಸೇರಿದವು, ಮುಂದೆ ದಶಕಗಳ ಕಾಲ ಜನರ ಕಣ್ಣಿಗೆ ಬೀಳದ ದಾಸ್ತಾನಿನಲ್ಲಿದ್ದವು, 1992ರಲ್ಲಿ ಅವಕ್ಕೆಂದೇ ಗಾಜಿನ ಹಿಂದೆ ಒಂದು ಕೋಣೆಯಾಯಿತು. ಒಂದು ಸ್ತೂಪದ ಮೈ ಲಂಡನ್ನಿನಲ್ಲೊಂದಿಷ್ಟು, ಚೆನ್ನೈಯಲ್ಲೊಂದಿಷ್ಟು. ಅಮರಾವತಿಯಲ್ಲಿ ಉಳಿದದ್ದು ಹುಲ್ಲು ಬೆಳೆದ ದಿಬ್ಬ, ಸುತ್ತ ಒಂದಷ್ಟು ಕಲ್ಲು. ಆ ಹಲಗೆಗಳನ್ನು ಯಾವ ಕ್ರಮದಲ್ಲಿ ಹೊದಿಸಿದ್ದರು, ಪ್ರದಕ್ಷಿಣೆ ಹಾಕುವವಳ ಕಣ್ಣಿಗೆ ಯಾವ ಕಥೆ ಆದ ಮೇಲೆ ಯಾವ ಕಥೆ ಬರುತ್ತಿತ್ತು ಎಂದು ಪಂಡಿತರು ಇಂದಿಗೂ ಕಾಗದದ ಮೇಲೆ ಜೋಡಿಸುತ್ತ ಕೂತಿದ್ದಾರೆ. ಕನಗನಹಳ್ಳಿಯ ಪುಣ್ಯವೆಂದರೆ ಅಲ್ಲಿ ಸ್ತೂಪವೂ ಅದರ ಮೈಮೇಲಿನ ಒಡವೆಯೂ ಒಂದೇ ಜಾಗದಲ್ಲಿ ಸಿಕ್ಕವು. ಅದನ್ನು ಕೈಯಾರೆ ಎರಡು ಮಾಡುವುದು ಸಂರಕ್ಷಣೆಯಲ್ಲ. ಮದುವೆಯ ಒಡವೆಯನ್ನು ಬ್ಯಾಂಕಿನ ಲಾಕರಿನಲ್ಲಿಟ್ಟು ಮದುಮಗಳನ್ನು ಬರಿಗೊರಳಲ್ಲಿ ಕೂರಿಸಿದ ಹಾಗೆ.

ನಮ್ಮಲ್ಲೂ ಉದಾಹರಣೆಗೆ ಬರವಿಲ್ಲ. ಐಹೊಳೆಯ ಹುಚ್ಚಪ್ಪಯ್ಯನ ಗುಡಿಯ ಮಾಳಿಗೆಯ ಶಿಲ್ಪಗಳನ್ನು ನೋಡಬೇಕಾದರೆ ಮುಂಬೈಗೆ ಹೋಗಬೇಕು. ಆ ಸೀಮೆ ಮುಂಬೈ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ ಅವು ರಾಜಧಾನಿಯ ಮ್ಯೂಸಿಯಂ ಸೇರಿದವು. 1956ರಲ್ಲಿ ಜಿಲ್ಲೆ ನಮ್ಮ ರಾಜ್ಯಕ್ಕೆ ಬಂತು, ಕಲ್ಲು ಬರಲಿಲ್ಲ. ಕನ್ನಡದ ಮೊದಮೊದಲ ಶಾಸನವೆಂದು ನಾವೆಲ್ಲ ಮಕ್ಕಳಿಗೆ ಬಾಯಿಪಾಠ ಮಾಡಿಸುವ ಹಲ್ಮಿಡಿಯ ಕಲ್ಲು 1936ರಲ್ಲಿ ಎಂ. ಎಚ್. ಕೃಷ್ಣರ ಕಣ್ಣಿಗೆ ಬಿತ್ತು. ಆಮೇಲೆ ಮೈಸೂರಿಗೆ ಹೋಯಿತು, ಊರಿಗೆ ಬಂದದ್ದು ಪ್ರತಿಕೃತಿ. ಮಸ್ಕಿ, ಕೊಪ್ಪಳದ ಗವಿಮಠ, ಪಾಲ್ಕಿಗುಂಡು, ಬ್ರಹ್ಮಗಿರಿ, ಇವು ಇದ್ದಲ್ಲೇ ಇರುವುದು ನಮ್ಮ ಜಾಣತನದಿಂದಲ್ಲ. ಬಂಡೆಗಳನ್ನು ಎತ್ತುವುದು ಯಾರಿಗೂ ಸಾಧ್ಯವಾಗಲಿಲ್ಲ, ಅದರಿಂದ.

ಇನ್ನು ‘ಹತ್ತು ಜನ ನೋಡುತ್ತಾರೆ’ ಎಂಬ ಮಾತು. ಯಾವ ಹತ್ತು ಜನ? ಕೆಲವು ವರ್ಷದ ಹಿಂದೆ ಒಂದು ದೊಡ್ಡ ಊರಿನ ಮ್ಯೂಸಿಯಂಗೆ ನಲವತ್ತು ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಊರಿನ ಹೆಸರು ಬೇಡ. ಬಾಗಿಲಲ್ಲಿದ್ದವನು ಮಕ್ಕಳ ಕಾಲಿನ ಧೂಳು ನೋಡಿದ, ಕೈಲಿದ್ದ ಬುತ್ತಿಗಂಟು ನೋಡಿದ, ಬೇಗ ಬೇಗ ನೋಡಿ ಹೊರಡಿ ಎಂದ. ಒಳಗೆ ಶಿಲ್ಪಗಳ ಕೆಳಗಿನ ಚೀಟಿಗಳೆಲ್ಲ ಇಂಗ್ಲಿಷಿನಲ್ಲಿ. ಇದ್ದ ಕನ್ನಡದ ಚೀಟಿಯಲ್ಲಿ ಹನ್ನೆರಡನೆಯ ಶತಮಾನ ಎಂದಷ್ಟೇ ಬರೆದಿತ್ತು, ಯಾವ ಊರಿನದೆಂದು ಇರಲಿಲ್ಲ. ಒಬ್ಬ ಹುಡುಗ ‘ಟೀಚರ್, ಇವರೆಲ್ಲ ಯಾವ ಊರವರು?’ ಎಂದು ಕೇಳಿದ. ಕಲ್ಲನ್ನು ಊರಿಂದ ಬಿಡಿಸಿ ತಂದವರಿಗೆ ಹೊಳೆಯದಿದ್ದ ಪ್ರಶ್ನೆ ಅದು. ಹದಿನೈದು ನಿಮಿಷದಲ್ಲಿ ನಮ್ಮನ್ನು ಹೊರಗೆ ಬಿಟ್ಟರು. ಮಕ್ಕಳು ಮರದ ಕೆಳಗೆ ಕೂತು ರೊಟ್ಟಿ ತಿಂದವು. ಅದೇ ಮಕ್ಕಳು ಸನ್ನತಿಯಲ್ಲಿ ಗುಡಿಯ ಹತ್ತಿರ ಒಂದು ತಾಸು ಅಲುಗಾಡದೆ ನಿಂತು ಕಥೆ ಕೇಳಿದ್ದವು, ಏಕೆಂದರೆ ಅದು ಅವರ ಅಜ್ಜಿ ನಡೆದುಕೊಳ್ಳುವ ದೇವಿಯ ಊರು.

ಜನ ಬೇಕೆಂದರೆ ಸನ್ನತಿಗೆ ಜನವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಚಂದ್ರಲಾಂಬೆಯ ದರ್ಶನಕ್ಕೆ ಬಂಡಿ, ಜೀಪು, ಬಸ್ಸು ತುಂಬಿ ಬರುತ್ತಾರೆ. ಅವರಲ್ಲಿ ಕನಗನಹಳ್ಳಿಯ ದಾರಿ ಹಿಡಿಯುವವರು ಎಷ್ಟು? ಹೇಳುವವರಿದ್ದರೆ ತಾನೆ! ಆ ಊರಿನ ಪಿ.ಯು.ಸಿ. ಓದಿದ ಹುಡುಗ ಹುಡುಗಿಯರಿಗೆ ಬ್ರಾಹ್ಮಿಯ ಅಕ್ಷರಮಾಲೆ ಕಲಿಸಿ. ಹದಿನೈದು ದಿನದಲ್ಲಿ ಕಲಿಯುತ್ತಾರೆ, ನಾನು ಎಂಟನೆಯ ತರಗತಿಯ ಮಕ್ಕಳಿಗೆ ಕಲಿಸಿ ನೋಡಿದ್ದೇನೆ, ಅವರು ಪರೀಕ್ಷೆಯ ಕಾಲದಲ್ಲಿ ಚೀಟಿ ಬರೆಯಲು ಅದನ್ನು ಉಪಯೋಗಿಸಿದ್ದು ಬೇರೆ ಮಾತು. ಅವರಿಗೆ ಸಂಬಳ ಕೊಟ್ಟು ಕಲ್ಲಿನ ಹತ್ತಿರ ನಿಲ್ಲಿಸಿ. ನಮ್ಮ ಕಾನೂನಿನ 2010ರ ತಿದ್ದುಪಡಿಯ ಪ್ರಕಾರ ಸಂರಕ್ಷಿತ ಸ್ಮಾರಕದ ನೂರು ಮೀಟರಿನೊಳಗೆ ಹೊಸ ಮನೆ ಕಟ್ಟುವಂತಿಲ್ಲ, ಅದರಾಚೆಯ ಇನ್ನೂರು ಮೀಟರಿನಲ್ಲಿ ಕಟ್ಟಲು ಅನುಮತಿ ಬೇಕು. ಇತಿಹಾಸದ ಭಾರವನ್ನೆಲ್ಲ ಹೊರುವವರು ಪಕ್ಕದ ಹೊಲದವರು. ಲಾಭದಲ್ಲಿ ಮಾತ್ರ ಅವರಿಗೆ ಪಾಲಿಲ್ಲವೆಂದರೆ ಆ ಕಲ್ಲನ್ನು ಅವರು ಯಾವ ಪ್ರೀತಿಯಿಂದ ನೋಡಬೇಕು?

ಕಲ್ಲುಗಳ ಮೇಲೆ ಗಟ್ಟಿ ಚಾವಣಿ ಬೇಕು, ಸ್ತೂಪದ ಪಕ್ಕದಲ್ಲೇ ಮ್ಯೂಸಿಯಂ ಬೇಕು, ಅದರ ಬೀಗದ ಕೈ ಕಲಬುರಗಿಯ ಯಾವುದೋ ಕಚೇರಿಯ ಮೊಳೆಗೆ ನೇತಾಡಬಾರದು. ಕನ್ನಡದಲ್ಲಿ ಇಪ್ಪತ್ತು ಪುಟದ ಒಂದು ಪುಸ್ತಿಕೆ ಬೇಕು, ಎರಡು ಚಹಾದ ಬೆಲೆಗೆ ಸಿಗುವಂಥದ್ದು. ಇಷ್ಟು ವರ್ಷದಲ್ಲಿ ಅಂಥದ್ದು ನನ್ನ ಕೈಗೆ ಸಿಕ್ಕಿಲ್ಲ. ಜಾತ್ರೆಯ ದಿನ ಮೈಕಿನಲ್ಲಿ ಹರಾಜಿನ ಕೂಗಿನ ನಡುವೆ ಐದು ನಿಮಿಷ ಆ ಚಪ್ಪಡಿಯ ಶಾಸನವನ್ನು ಕನ್ನಡದಲ್ಲಿ ಓದಿಸಿ. ಓದಿಸಬೇಕೆಂದು ಅಪ್ಪಣೆ ಮಾಡಿದವನು ನಾನಲ್ಲ, ಅಶೋಕ. ಅದರ ಇನ್ನೊಂದು ಮೈಯಲ್ಲಿರುವ ಹನ್ನೆರಡನೆಯ ಶಾಸನದಲ್ಲಿ ತನ್ನ ಮತವನ್ನು ಹೊಗಳಿ ಇನ್ನೊಬ್ಬರ ಮತವನ್ನು ಹಳಿಯಬೇಡಿ ಎಂಬ ಮಾತೂ ಇದೆ. ದೇವಿಯ ಗುಡಿಯ ಅಂಗಳದಲ್ಲಿ ಅದನ್ನು ಓದಿದರೆ ಯಾರಿಗೂ ನಷ್ಟವಿಲ್ಲ. ದೇವಿ ಅದರ ಮೇಲೆಯೇ ಅಷ್ಟು ಕಾಲ ನಿಂತಿದ್ದವಳು.

ಬೆಂಗಳೂರಿನವರಿಗೆ ನೋಡುವ ಆಸೆಯಿದ್ದರೆ ಬರಲಿ. ರಾಯಚೂರು ದಾಟಿ ವಾಡಿಯ ಕಡೆ ಬರುವ ರೈಲಿನಲ್ಲಿ ನಾಲವಾರ ಸ್ಟೇಷನ್ನಿನಲ್ಲಿ ಇಳಿದರೆ ಅಲ್ಲಿಂದ ಸನ್ನತಿ ದೂರವಿಲ್ಲ. ಚಳಿಗಾಲದಲ್ಲಿ ಬಂದರೆ ಹೊಲದ ತುಂಬ ತೊಗರಿ ಇರುತ್ತದೆ. ಏಪ್ರಿಲಿನಲ್ಲಿ ಬರುವವರು ತಲೆಗೊಂದು ಟವೆಲು, ಕೈಗೊಂದು ತಂಬಿಗೆ ನೀರು ಇಟ್ಟುಕೊಳ್ಳಬೇಕು.